ಹಸಿರು ಬೊಟ್ಟು

ಮತ್ತೆ ಬಂತು, ಎಡಗಿವಿಯಲ್ಲೇ, ಕರಕರ ಕರಕರ, ಆಮೇಲೆ ಒಂದು ಕ್ಷಣ ಏನೂ ಇಲ್ಲ, ತಾನೇನೂ ಮಾಡಿಯೇ ಇಲ್ಲವೆನ್ನುವ ಮೌನ, ಮತ್ತೆ ಕರಕರ — ಬಾ, ಎಷ್ಟು ಹೊತ್ತು ಅಡಗಿಕೊಳ್ಳುತ್ತೀಯ ನೋಡಿಯೇಬಿಡೋಣ, ಎಂದು ಅಕ್ಕ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು, ಹತ್ತೂವರೆಯ ಬಿಸಿಲು ಮೇಜಿನ ಅರ್ಧದವರೆಗೆ ಬಂದು ಸ್ಕ್ರೂಗಳ ಬಟ್ಟಲಿನ ಮೇಲೆ ಕೂತಿದೆ, ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದೆಯುತ್ತಲೇ ಇದ್ದಾರೆ, ಅದೂ ಸ್ಟಾರ್ಟ್ ಆಗುತ್ತಿಲ್ಲ, ಇವತ್ತು ಯಾವುದೂ ಹೇಳಿದ ಮಾತು ಕೇಳುವುದಿಲ್ಲ — ನಿನ್ನೆ ಸಂಜೆ ತಂಗಿಯ ಗಂಡ ಇದನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದರು, ಏದುಸಿರು ಬಿಡುತ್ತಾ, ಅತ್ತಿಗೆ, ಪುಟ್ಟಿ ಊರಲ್ಲಿಲ್ಲ, ನಾಳೆ ಮಧ್ಯಾಹ್ನ ಬರ್ತಾಳೆ, ಅಷ್ಟರೊಳಗೆ ಇದನ್ನ ಸರಿಮಾಡಿಬಿಡಿ, ಅವಳಿಗೆ ಹೇಳದೆ ತಂದಿದೀನಿ, ಇಪ್ಪತ್ತು ವರ್ಷದಿಂದ ಬಡ್ಕೋತಿದೀನಿ ನಿಮ್ಮ ಕೈಗೆ ಕೊಡೋಣ ಅಂತ, ಬೇಡ, ಅಕ್ಕನಿಗೆ ಯಾಕೆ ತೊಂದರೆ, ಕರಕರ ಅಂದ್ರೆ ಅನ್ನಲಿ ಬಿಡಿ ಅಂತಾಳೆ, ಬೇರೆಯವರಿಗೆ ಕೊಡೋಕೂ ಬಿಡಲ್ಲ — ಪುಟ್ಟಿ ಎಂದರೆ ತಂಗಿ, ಐವತ್ತೆರಡಾದರೂ ಪುಟ್ಟಿಯೇ — ಹೊದಿಕೆ ಬಿಚ್ಚಿದರೆ ಒಳಗೆ ಇದು, ಪ್ರಿ-ಆಂಪ್ಲಿಫೈಯರ್, ರೆಕಾರ್ಡಿನ ಮೇಲೆ ಸೂಜಿ ಎತ್ತಿಕೊಟ್ಟ ಪಿಸುಮಾತನ್ನು ದೊಡ್ಡದು ಮಾಡುವ ಮೊದಲ ಪೆಟ್ಟಿಗೆ, ಮುಂದುಗಡೆ ಐದು ತಿರುಗುಗುಂಡಿ, ಅವುಗಳ ಮೇಲೆ ಕಂಪನಿಯ ಗುರುತು, ಅದನ್ನು ನೋಡಿದ್ದೇ ತಡ ಅಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು, ಮೂವತ್ತಮೂರು ವರ್ಷ ಆದಮೇಲೂ ಉರಿಯುತ್ತದೆ, ಹೊರಗಿನವರಿಗೆ ಅದು ಗುರುತು, ಅವಳಿಗೆ ಅದು ಪೆನ್ಸಿಲ್ ಸರ್ ಮುಖ.

ಆಗಲಿ, ಕೆಲಸ ಕೆಲಸವೇ, ಸಿಟ್ಟನ್ನು ಪಕ್ಕಕ್ಕಿಟ್ಟು ಕೈ ನಡೆಸಬೇಕು, ಕೈಗೆ ಸಿಟ್ಟು ಇಳಿದರೆ ಬೆಸುಗೆ ಕೆಡುತ್ತದೆ, — ವಾಲ್ಯೂಮ್ ಗುಂಡಿ ಇಳಿಸಿದರೆ ಕರಕರವೂ ಇಳಿಯುತ್ತದೆ, ಅಂದರೆ ತಪ್ಪು ಗುಂಡಿಗಿಂತ ಮೊದಲೇ ಎಲ್ಲೋ ಇದೆ, ರೆಕಾರ್ಡ್ ಪ್ಲೇಯರಿನ ಎಡ-ಬಲ ವೈರುಗಳನ್ನು ಅದಲುಬದಲು ಮಾಡಿದರೆ ಕರಕರ ಜಾಗ ಬಿಟ್ಟು ಕದಲಲಿಲ್ಲ, ಎಡಗಿವಿಯಲ್ಲೇ ಠಿಕಾಣಿ, ಅಂದರೆ ಹೊರಗಿನದಲ್ಲ, ಒಳಗಿನದೇ, ಗುಂಡಿ ಸ್ವಿಚ್ಚುಗಳಿಗೆಲ್ಲ ಔಷಧಿ ಸಿಂಪಡಿಸಿ ಐವತ್ತು ಸಲ ತಿರುಗಿಸಿದ್ದಾಯಿತು, ಹೊಟ್ಟೆ ಉಬ್ಬಿದ ಕೆಪಾಸಿಟರುಗಳನ್ನು ಕಿತ್ತು ಹೊಸದು ಕೂರಿಸಿದ್ದಾಯಿತು, ಹಿಂದುಗಡೆಯ ಸುಯ್ ಸದ್ದು ಹೋಯಿತು, ಅದು ವಯಸ್ಸಿನ ಕಾಯಿಲೆ, ಆದರೆ ಈ ಕರಕರ ವಯಸ್ಸಿನದಲ್ಲ, ಹುಟ್ಟಿನಿಂದ ಬಂದದ್ದು, ಅಕ್ಕನ ಕಿವಿಗೆ ಗೊತ್ತು, ಹಸಿ ಬೆಸುಗೆ ಮಾತ್ರ ಹೀಗೆ ಮಾತಾಡುತ್ತದೆ, ನೋಡಲು ಹಿಡಿದುಕೊಂಡಂತಿರುತ್ತದೆ, ಹಿಡಿದುಕೊಂಡಿರುವುದಿಲ್ಲ — ಆಗ ಆ ಕಂಪನಿಯಲ್ಲಿ ಎಂಟು ಮೇಜು, ಎಂಟು ಹೆಂಗಸರು, ಮೇಲೆ ತಗಡಿನ ಛಾವಣಿ, ಮೂಗಿನ ತುಂಬ ಬೆಸುಗೆಯ ಹೊಗೆ, ಬಿಡಿಭಾಗಗಳನ್ನೆಲ್ಲ ಬೆಸೆದು ಬೋರ್ಡು ಮುಗಿದ ತಕ್ಷಣ ಮೂಲೆಯಲ್ಲಿ ಅವರವರ ಬಣ್ಣದ ಒಂದು ಬೊಟ್ಟು ಇಡಬೇಕು, ಯಾರ ಕೈಕೆಲಸ ಎಂದು ತಿಳಿಯಲಿಕ್ಕೆ, ಉಗುರುಬಣ್ಣದ ಶೀಶೆಯಂಥ ಎಂಟು ಶೀಶೆ, ನನ್ನದು ಹಸಿರು, ಪಕ್ಕದ ಮೇಜಿನ ಪುಟ್ಟಿಯದು ಕೆಂಪು, ಅವಳು ಸೇರಿ ಆಗ ಐದೇ ತಿಂಗಳು, ಆರು ತಿಂಗಳು ನೋಡಿ ಇಟ್ಟುಕೊಳ್ಳುತ್ತೇವೆ ಇಲ್ಲವಾದರೆ ಇಲ್ಲ ಎಂದಿದ್ದರು, ಅಮ್ಮ ದಿನಾ ಬಾಗಿಲ ತನಕ ಬಂದು, ತಂಗೀನ ನೋಡ್ಕೋ, ಅವಳದು ಕೈ ಅವಸರ — ಟಕ್ ಟಕ್, ಟಕ್ ಟಕ್, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಪೆನ್ಸಿಲಿನ ಹಿಂತುದಿಯಿಂದ ಬೋರ್ಡನ್ನು ಕುಟ್ಟಿ ನೋಡುವುದು, ಕರಕರ ಅಂದರೆ ಪಕ್ಕಕ್ಕೆ, ಸುಮ್ಮನಿದ್ದರೆ ಮುಂದಕ್ಕೆ, ತಪಾಸಣೆಯವರ ಕೆಲಸವೇ ಅದು, ಅದಕ್ಕೇ ಪೆನ್ಸಿಲ್ ಸರ್, ಸ್ವಂತ ಹೆಸರು ಅವರ ಹೆಂಡತಿಗೂ ಮರೆತುಹೋಗಿತ್ತೋ ಏನೋ.

ಆ ದಿನ ಮಧ್ಯಾಹ್ನ ಅವರು ಏಳು ಬೋರ್ಡು ತಂದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು, ಏಳಕ್ಕೂ ಹಸಿರು ಬೊಟ್ಟು, ಎಲ್ಲರ ಬೆಸುಗೆ ಐರನ್ನೂ ಗಾಳಿಯಲ್ಲೇ ನಿಂತಿತು, ಏನಮ್ಮ, ಹಸಿರು ಅಂದ್ರೆ ಕರಕರ ಅಂತ ಅರ್ಥನಾ, ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಸರ್ ಇವು ನನ್ನವಲ್ಲ, ನಿನ್ನವಲ್ಲದೆ ನನ್ನವಾ, ಒಂದ್ಸಲ ಕೊಡಿ ಸರ್ ತಿರುಗಿಸಿ ನೋಡ್ತೀನಿ, ಏನ್ ನೋಡೋದು, ಬಣ್ಣ ಸುಳ್ಳು ಹೇಳುತ್ತೇನಮ್ಮ — ಕೈಗೆ ಕೊಡಲಿಲ್ಲ, ಬಾಚಿ ಡಬ್ಬಿಗೆ ಹಾಕಿಕೊಂಡು ಹೋದರು, ಒಂದೇ ಒಂದು ಬೋರ್ಡು ಕೈಗೆ ಕೊಟ್ಟಿದ್ದರೆ, ಒಂದೇ ಒಂದು, ಮಾರನೇ ದಿನದಿಂದ ಪ್ಯಾಕಿಂಗ್, ನೆಟ್ಟಗೆ ಗೆರೆ ಎಳೆಯಬಲ್ಲ ಕೈಗೆ ಅಂಟುಪಟ್ಟಿ ಕೊಟ್ಟರು, ಹನ್ನೊಂದು ತಿಂಗಳು ರಟ್ಟಿನ ಪೆಟ್ಟಿಗೆ ಮಡಚಿದೆ, ಊಟದ ಹೊತ್ತಿಗೆ ಹೋದರೆ, ಕರಕರ ಅಕ್ಕ ಬಂದ್ಲು ಜಾಗ ಬಿಡ್ರೇ, ನಗುತ್ತಲೇ ಅನ್ನುತ್ತಿದ್ದರು, ನಗುತ್ತಲೇ ಕೇಳಿಕೊಳ್ಳಬೇಕಿತ್ತು, ಹನ್ನೆರಡನೇ ತಿಂಗಳು ನಿಮ್ಮ ಕಂಪನಿಗೂ ನಿಮ್ಮ ಪೆನ್ಸಿಲಿಗೂ ಒಂದು ನಮಸ್ಕಾರ ಎಂದು ಬಂದುಬಿಟ್ಟೆ, ಈ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡೆ, ಇವತ್ತು ಬೀದಿಗೆ ಬೀದಿಯೇ ರಿಪೇರಿ ಅಕ್ಕ ಅನ್ನುತ್ತದೆ, ಅಂದರೂ ಒಳಗೆ ಒಂದು ಮೂಲೆಯಲ್ಲಿ ಕರಕರ ಅಕ್ಕ ಕೂತೇ ಇದ್ದಾಳೆ, ಪ್ರತಿ ಬೆಸುಗೆಯನ್ನೂ ಎರಡೆರಡು ಸಲ ನೋಡುತ್ತಾಳೆ, ಜನ ಅದನ್ನು ಶ್ರದ್ಧೆ ಎಂದುಕೊಳ್ಳುತ್ತಾರೆ, ಮಣ್ಣು ಶ್ರದ್ಧೆ, ಅದು ಅವಮಾನ — ಸಿಟ್ಟು ಬೇಡ, ಎಡಗಡೆಯ ಬೋರ್ಡು, ನಾಲ್ಕು ಸ್ಕ್ರೂ, ಒಂದಕ್ಕೆ ತುಕ್ಕು, ಎಣ್ಣೆ ಒಂದು ತೊಟ್ಟು, ಕಾಯಬೇಕು, ಬಂತು, ವೈರುಗಳನ್ನು ಜರುಗಿಸಿ ಮೆಲ್ಲಗೆ ಮಗುಚು.

ಹಸಿರು ಬೊಟ್ಟು.

ಬಿಸಿಲಿಗೆ ಹಿಡಿದಳು, ಕಣ್ಣು ಸುಳ್ಳು ಹೇಳುತ್ತಿದೆಯೇನೋ ಎಂದು ಕನ್ನಡಕ ಒರೆಸಿ ಮತ್ತೆ ಹಿಡಿದಳು, ಅದೇ, ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು, ಮೂವತ್ತಮೂರು ವರ್ಷ ಆದರೂ ಹೊಳಪು ಹೋಗಿಲ್ಲ — ಇಪ್ಪತ್ತು ವರ್ಷದ ಹಿಂದೆ ಕಂಪನಿ ಮುಚ್ಚಿದಾಗ ಉಗ್ರಾಣದಲ್ಲಿ ಉಳಿದಿದ್ದ ಬೋರ್ಡುಗಳನ್ನೆಲ್ಲ ಹೇಗೋ ಜೋಡಿಸಿ ಇದ್ದವರಿಗೆ ಒಂದೊಂದು ಪೆಟ್ಟಿಗೆ ಕೊಟ್ಟು ಕಳಿಸಿದರಂತೆ, ಪುಟ್ಟಿ ಆಗ ಆ ಸಾಲಿಗೇ ಮೇಲ್ವಿಚಾರಕಿ, ಪಕ್ಕಕ್ಕೆ ಹಾಕಿದ್ದ ಬೋರ್ಡೂ ಅದರಲ್ಲಿ ಸೇರಿತ್ತು ಎಂದಾಯಿತು, ಆ ಏಳರಲ್ಲಿ ಒಂದು, ಬಂದೆಯಾ, ಕೊನೆಗೂ ಕೈಗೆ ಬಂದೆಯಾ, ಅವರು ಕೊಡದೆ ಹೋದದ್ದನ್ನು ತಂಗಿಯ ಗಂಡ ಹೊದಿಕೆಯಲ್ಲಿ ಸುತ್ತಿ ತಂದುಕೊಟ್ಟರಲ್ಲ — ಮರದ ಕಡ್ಡಿ ತೆಗೆದುಕೊಂಡು ಅಕ್ಕ ಒಂದೊಂದೇ ಬೆಸುಗೆಯನ್ನು ಕುಟ್ಟಿದಳು, ಟಕ್ ಟಕ್, ಪೆನ್ಸಿಲ್ ಸರ್ ಕುಟ್ಟುತ್ತಿದ್ದ ಹಾಗೇ, ಛೆ, ಎಡಗಿವಿ ಸುಮ್ಮನಿದೆ, ಟಕ್, ಸುಮ್ಮನಿದೆ, ಟಕ್, ಕರಕರ, ಮಸೂರ ಹಿಡಿದಳು, ಬೆಸುಗೆ ಮಂಕಾಗಿದೆ, ತಂತಿಯ ಕಾಲಿನ ಸುತ್ತ ಕೂದಲೆಳೆಯಂಥ ಬಿರುಕು, ಪಕ್ಕದ್ದು, ಅದೂ ಬಿರುಕು, ಅದರ ಪಕ್ಕದ್ದು, ಹಾಗಾದರೆ ಅವರು ಹೇಳಿದ್ದೇ ಸರಿಯಾ, ಇಷ್ಟು ವರ್ಷ ಎದೆ ಸೆಟೆಸಿಕೊಂಡು ಓಡಾಡಿದ್ದೆಲ್ಲ ಬರೀ ಜಂಬವಾ, ಹಸಿರು ಎಂದರೆ ಕರಕರವೇನಾ — ತಡಿ, ತಡಿ, ಕಾಲು ನೋಡು, ಕಾಲು.

ಕಾಲುಗಳು ನೆಟ್ಟಗಿವೆ, ನಾನು ಎಂದಾದರೂ ಕಾಲು ಮಡಚದೆ ಬೆಸೆದದ್ದುಂಟಾ, ಬೋರ್ಡಿನ ತೂತಿನಿಂದ ಹೊರಬಂದ ತಂತಿಯ ಕಾಲನ್ನು ಮೊದಲು ಮಡಚಿ ಮಲಗಿಸು, ಆಮೇಲೆ ಬೆಸೆ, ಕೆಲಸ ಕಲಿಸಿದ ಮುದುಕಿ ಬೆರಳಿನ ಗೆಣ್ಣಿಗೆ ಹೊಡೆದು ಕಲಿಸಿದ್ದು, ಅದಕ್ಕೇ ದಿನಕ್ಕೆ ನಾಲ್ಕು ಬೋರ್ಡು ಕಡಿಮೆ ಬೀಳುತ್ತಿತ್ತು, ಬಿದ್ದರೆ ಬೀಳಲಿ ಎಂದು ಬಿಟ್ಟಿದ್ದೆ, ಈ ಬೋರ್ಡಿನಲ್ಲಿ ನೂರಕ್ಕೆ ಹತ್ತಿರ ಕಾಲಿವೆ, ಒಂದೂ ಮಡಚಿಲ್ಲ, ತೂರಿಸು, ಅಂಟಿಸು, ಕತ್ತರಿಸು, ಮುಂದಿನದು, ಇದು ನನ್ನ ಕೈಯಲ್ಲ, ನನ್ನದಲ್ಲ ಅಂತ ಅಂದೆನಲ್ಲ ಸರ್, ತಿರುಗಿಸಿ ನೋಡ್ತೀನಿ ಅಂತ ಕೇಳಿದೆನಲ್ಲ, ಬಣ್ಣ ನೋಡಲಿಕ್ಕೆ ಕಣ್ಣಿತ್ತು, ಕಾಲು ನೋಡಲಿಕ್ಕೆ ಇರಲಿಲ್ಲ, ಅಕ್ಕ ಎದ್ದು ನಿಂತಿದ್ದಳು, ಎದ್ದದ್ದು ಯಾವಾಗ ಎಂದು ಅವಳಿಗೇ ತಿಳಿಯಲಿಲ್ಲ, ಹೆಡ್‌ಫೋನಿನ ವೈರು ಎಳೆದು ಸ್ಕ್ರೂ ಬಟ್ಟಲು ಉರುಳಿತು, ಉರುಳಲಿ — ಹಾಗಾದರೆ ಹಸಿರು ಯಾಕೆ, ನನ್ನ ಹಸಿರು ಇಲ್ಲಿ ಯಾಕೆ, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬೊಟ್ಟಿನ ಮೇಲಿಟ್ಟು ಉಜ್ಜಿದಳು, ಅಳಿಸಿಬಿಡಬೇಕು, ನನ್ನದಲ್ಲದ ಕೆಲಸದ ಮೇಲೆ ನನ್ನ ಬಣ್ಣ ಇರಕೂಡದು, ಹತ್ತಿ ಹಸಿರಾಯಿತು, ಬೊಟ್ಟು ಅರ್ಧ ಸವೆಯಿತು, ಸವೆದ ಕಡೆ ಬೋರ್ಡಿನ ಕಂದು ಕಾಣಬೇಕಿತ್ತು, ಕಾಣಲಿಲ್ಲ, ಕೆಂಪು ಕಂಡಿತು.

ಅರ್ಧ ಹಸಿರು, ಅರ್ಧ ಕೆಂಪು, ಸ್ಕೂಟರು ಕೊನೆಗೂ ಸ್ಟಾರ್ಟ್ ಆಗಿ ಹೋಯಿತು, ಬೀದಿ ಖಾಲಿ, — ಪುಟ್ಟಿಯದು ಪಕ್ಕದ ಮೇಜು, ಕೈ ಚಾಚಿದರೆ ನನ್ನ ಶೀಶೆ, ಊಟದ ಗಂಟೆ ಹೊಡೆದಾಗ, ನೀನು ನಡಿ ಅಕ್ಕಾ, ಇದೊಂದು ಮುಗಿಸಿ ಬರ್ತೀನಿ, ಎಷ್ಟು ದಿನ ಹಾಗಂದಳು, ಪಾಪ ಎಷ್ಟು ಕಷ್ಟಪಡುತ್ತಾಳೆ ಎಂದು ಅವಳ ಪಾಲಿನದನ್ನು ಮುಚ್ಚಿಟ್ಟು ಕಾಯುತ್ತಿದ್ದೆನಲ್ಲ, ಏಳು ಬೋರ್ಡು ಸಾಲಾಗಿಟ್ಟ ಸಂಜೆ ಮನೆಗೆ ಬರುವ ದಾರಿಯುದ್ದಕ್ಕೂ ಅತ್ತಳು, ನಾನು ಅತ್ತದ್ದಕ್ಕಿಂತ ಹೆಚ್ಚು ಅವಳು ಅತ್ತಳು, ನಾನು, ನಾನು ಅವಳ ಕಣ್ಣೊರೆಸಿದೆ, ಬಿಡು ಪುಟ್ಟಿ, ನಿನ್ನ ಕೆಲಸವಾದರೂ ಉಳಿಯಿತಲ್ಲ ಎಂದೆ, ಅಂದೆನಲ್ಲ, ಅದನ್ನು ಕೇಳಿಸಿಕೊಂಡು ಸುಮ್ಮನಿದ್ದಳಲ್ಲ, ಆಮೇಲೆ ಸಾಲಿಗೇ ದೊಡ್ಡವಳಾದಾಗ ಸಿಹಿ ತಂದು ಮೊದಲು ನನ್ನ ಬಾಯಿಗೇ ಇಟ್ಟಳಲ್ಲ, ಅಕ್ಕನಿಗೆ ಯಾಕೆ ತೊಂದರೆ, ಕರಕರ ಅಂದರೆ ಅನ್ನಲಿ, ಇಪ್ಪತ್ತು ವರ್ಷ ಮನೆಯಲ್ಲಿ ಕರಕರ ಕೇಳಿಕೊಂಡಿದ್ದಾಳೆ ಹೊರತು ಮುಚ್ಚಳ ತೆಗೆಯಲಿಕ್ಕೆ ಬಿಟ್ಟಿಲ್ಲ — ಮತ್ತು ಪೆನ್ಸಿಲ್ ಸರ್, ಅಯ್ಯೋ, ಎರಡು ವರ್ಷದ ಕೆಳಗೆ ಇದೇ ಬಾಗಿಲಲ್ಲಿ, ಟವೆಲಿನಲ್ಲಿ ಸುತ್ತಿದ ರೇಡಿಯೊ, ಬೆನ್ನು ಬಾಗಿತ್ತು, ಚೆನ್ನಾಗಿದೀಯೇನಮ್ಮ, ನಿನ್ನ ಕೈ ಬಿಟ್ಟರೆ ಊರಲ್ಲಿ ಬೇರೆ ಕೈ ಇಲ್ಲವಂತೆ, ಇಲ್ಲಿ ಆಗಲ್ಲ ಎಂದೆ, ಕೂರಿ ಅನ್ನಲಿಲ್ಲ, ಒಂದು ಲೋಟ ನೀರು ಕೊಡಲಿಲ್ಲ, ಅಷ್ಟು ಮೆಟ್ಟಿಲು ಹತ್ತಿ ಬಂದವರು ರೇಡಿಯೊ ಅವಚಿಕೊಂಡು ಒಂದೊಂದೇ ಮೆಟ್ಟಿಲು ಇಳಿದರು, ಇಳಿಯುವುದನ್ನು ನಿಂತು ನೋಡಿದೆ, ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಗಿತ್ತು, ಹೋದ ವರ್ಷ ತೀರಿಕೊಂಡರು, ಆಗಲೂ ಹೋಗಲಿಲ್ಲ, ಹೋಗು ಎಂದು ಪುಟ್ಟಿ ಎರಡು ಸಲ ಹೇಳಿದಳು, ಅವರದೇನು ತಪ್ಪಿದೆ ಅಕ್ಕಾ ಎಂದಳು, ಎಷ್ಟು ದೊಡ್ಡ ಮನಸ್ಸು ಇವಳದು ಎಂದುಕೊಂಡೆ, ಥೂ, ತಪ್ಪಿತ್ತು, ಅವರದೂ ತಪ್ಪಿತ್ತು, ತಿರುಗಿಸಿ ನೋಡದೆ ಹೋದದ್ದು ಅವರ ತಪ್ಪೇ, ಅದನ್ನು ಬಿಟ್ಟುಕೊಡುವುದಿಲ್ಲ, ಆದರೆ ಆ ಮೆಟ್ಟಿಲು, ಆ ಟವೆಲು, ಅಷ್ಟಕ್ಕೆ ಆ ಮನುಷ್ಯ ಲಾಯಕ್ಕಾಗಿರಲಿಲ್ಲ, ಅದು ಬೇರೆ ಯಾರಿಗೋ ಸಲ್ಲಬೇಕಾದದ್ದು, ಮೂವತ್ತಮೂರು ವರ್ಷದ ಸಿಟ್ಟನ್ನು ತಪ್ಪು ವಿಳಾಸಕ್ಕೆ ಕಳಿಸಿದೆನಲ್ಲ.

ಕೂತಳು, ಐರನ್ನು ಕಾದಿದೆ, ಹಳೆಯ ಬೆಸುಗೆ ಹೀರಿ ತೆಗೆ, ಕಾಲು ಮಡಚಲಿಕ್ಕೂ ಉಳಿಸಿಲ್ಲ ಅವಸರದವಳು, ಹೊಸ ತಂತಿ ಜೋಡಿಸು, ಮಡಚು, ಮಲಗಿಸು, ಈಗ ಬೆಸೆ, ಕಾಯಿ, ಅಲುಗಾಡಿಸಬೇಡ, ಹೊಳೆಯಿತು, ಮುಂದಿನದು, ಎಷ್ಟೋ ಬೆಸುಗೆ, ಬಿಸಿಲು ಮೇಜು ದಾಟಿ ನೆಲಕ್ಕಿಳಿಯಿತು, ಮಧ್ಯಾಹ್ನವಾಯಿತು, ಒಲೆ ಹಚ್ಚಿಲ್ಲ, ಹಚ್ಚುವುದೂ ಇಲ್ಲ, ಇವಳ ಕೆಲಸ ಆವತ್ತೂ ನಾನೇ ತಿದ್ದಿ ಕೊಡುತ್ತಿದ್ದೆ, ಕೇಳಿದ್ದರೆ ಆ ಏಳನ್ನೂ ಒಂದು ಸಂಜೆ ಕೂತು ತಿದ್ದಿಕೊಡುತ್ತಿದ್ದೆ, ಅಕ್ಕಾ ಕೆಟ್ಟುಹೋಯ್ತು ಅಂತ ಒಂದು ಮಾತು, ನಾನೇನು ಹೊಡೆಯುತ್ತಿದ್ದೆನಾ, ನನಗೆ ಹೇಳುವುದಕ್ಕಿಂತ ನನ್ನ ಬಣ್ಣ ಹಚ್ಚುವುದು ಸುಲಭವಾಯಿತಾ — ಕೊನೆಯ ಬೆಸುಗೆ, ಹೆಡ್‌ಫೋನು, ಕಡ್ಡಿ, ಟಕ್, ಇಲ್ಲ, ಟಕ್ ಟಕ್, ಇಲ್ಲ, ಎಡಗಿವಿಯಲ್ಲಿ ಏನೂ ಇಲ್ಲ, ಬಲಗಿವಿಯಷ್ಟೇ ಶುದ್ಧ, ಇಷ್ಟು ಒಳ್ಳೆಯ ಪೆಟ್ಟಿಗೆ ಇದು, ಇಷ್ಟು ಒಳ್ಳೆಯದು — ಮೇಜಿನ ಮೇಲೆ ಫೋನು ನಡುಗಿತು, ಪರದೆಯ ಮೇಲೆ ಪುಟ್ಟಿ, ಒಂದು ಕಿವಿಯ ಹೆಡ್‌ಫೋನು ಸರಿಸಿ ಎತ್ತಿಕೊಂಡಳು, ಊರಿಂದ ಬಂದೆ ಅನ್ನಲಿಲ್ಲ, ಊಟ ಆಯ್ತಾ ಅನ್ನಲಿಲ್ಲ, ಅಕ್ಕಾ, ಇವರು ಅದನ್ನ ಅಲ್ಲಿಗೆ ತಂದಿದಾರಂತೆ, ಬಿಚ್ಚಿದ್ಯಾ, ಅಕ್ಕ ಬೋರ್ಡನ್ನು ಕೈಗೆತ್ತಿಕೊಂಡಳು, ಬಿಚ್ಚಿದೆ, ಆ ಕಡೆ ಫೋನು ಇಡಲಿಲ್ಲ, ಉಸಿರು ಮಾತ್ರ, ಬೈಯಬೇಕು, ಇಷ್ಟು ವರ್ಷ ಇನ್ನೊಬ್ಬರಿಗೆಂದು ಕೂಡಿಟ್ಟ ಬೈಗುಳವೆಲ್ಲ ಬಾಯಿತುಂಬ ಇದೆ, ಮೊದಲನೆಯದು ಯಾವುದು, ಉಸಿರು, ಇನ್ನೂ ಉಸಿರು, ಬೆರಳ ನಡುವೆ ಸಾಸಿವೆ ಕಾಳಿನಷ್ಟು, ಅರ್ಧ ಹಸಿರು, ಅರ್ಧ ಕೆಂಪು, ಅರ್ಧ ಹಸಿರು, ಅರ್ಧ ಕೆಂಪು