ಮೇಲೆ ಅಕ್ಕ, ಕೆಳಗೆ ತಮ್ಮ, ಏಣಿಯ ಮೇಲೆ ನಾನು

ಲೊಪೇಟಿ ಕಿಟಕಿಯಿಂದ ಹಾರಿದ ದಿನವೇ ನಾನು ಕೆಲಸ ಬಿಡಬೇಕಿತ್ತು. ಬಿಡಲಿಲ್ಲ, ಅನುಭವಿಸಿದೆ.

ನಮ್ಮ ಟೊಂಗಾ ದ್ವೀಪಗಳಲ್ಲಿ ಲೊಪೇಟಿ ಗೊತ್ತಿಲ್ಲದವರಿಲ್ಲ. ಹನ್ನೊಂದು ವರ್ಷ ಸಿಡ್ನಿಯಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡಿದವನು. ನಾವು ರಗ್ಬಿ ಅನ್ನುವುದನ್ನೇ ಅಲ್ಲಿಯವರು ಫುಟ್‌ಬಾಲ್ ಅನ್ನುತ್ತಾರೆ. ಎರಡು ಮಂಡಿಗಳನ್ನೂ ಅಲ್ಲೇ ಸವೆಸಿ ಬಂದ. ಈಗ ತೆಂಗಿನ ಮರ ಹತ್ತಲಾರ, ಗೆಣಸಿನ ಬುಟ್ಟಿ ಎತ್ತಲಾರ. ಉಳಿದದ್ದು ನಾಲಿಗೆಯೊಂದೇ. ಅದನ್ನೇ ನಂಬಿ ನಮ್ಮ ರೇಡಿಯೋದಲ್ಲಿ ವೀಕ್ಷಕ ವಿವರಣೆಗೆ ಕೂತ. ಆಟಗಾರರ ಹೊಟ್ಟೆ, ತೊಡೆ, ಹಿಂಭಾಗ ಒಂದನ್ನೂ ಬಿಡದೆ ವರ್ಣಿಸುತ್ತಿದ್ದ. ಗಂಡಸರೆಲ್ಲ ಹಿತ್ತಲಲ್ಲಿ ಕೂತು ಕೇಳಿ ಬಿದ್ದು ಬಿದ್ದು ನಗುತ್ತಿದ್ದರು.

"ಈ ಮೈಕ್ ಹೋದ್ರೆ ನಾನು ಬರೀ ಒಬ್ಬ ದಪ್ಪ ಮನುಷ್ಯ ಕಣೋ, ಸೆಮಿಸಿ," ಎಂದು ಒಮ್ಮೆ ನನಗೆ ಹೇಳಿದ್ದ. ಆಗ ಅವನು ನಗುತ್ತಿರಲಿಲ್ಲ.

ನಾನು ರೇಡಿಯೋದ ತಂತಿ ಎಳೆಯುವವನು. ಲೊಪೇಟಿಯ ಜೊತೆಗಾರ ನ್ಯೂಜಿಲೆಂಡಿಗೆ ಹೊರಟುಹೋದಾಗ ನಮ್ಮ ಸಾಹೇಬ ಹೆಪೆಟಿ ಹೊಸ ದನಿಗಾಗಿ ಪರೀಕ್ಷೆ ಇಟ್ಟ. ಹೆಸರು ನೋಡದೆ, ಕಳಿಸಿದ ದನಿಯನ್ನಷ್ಟೇ ಕೇಳಿ ಆರಿಸಿದ. ಗೆದ್ದವಳು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಕಲೊಲೈನೆ. ಲೊಪೇಟಿಯ ಒಡಹುಟ್ಟಿದ ಅಕ್ಕ.

ಮೀಸೆ ಮೂಡಿದ ಮೇಲೆ ನಮ್ಮಲ್ಲಿ ಯಾವ ತಮ್ಮನೂ ಅಕ್ಕ ಇರುವ ಕೋಣೆಗೆ ಕಾಲಿಡುವುದಿಲ್ಲ. ಅವಳ ಮುಂದೆ ಪೋಲಿ ಮಾತು ಆಡುವುದಂತೂ ದೂರದ ಮಾತು. ಬೇರೆಯವರು ಆಡಿದರೂ ಇಬ್ಬರಲ್ಲಿ ಒಬ್ಬರು ಎದ್ದು ಹೋಗಬೇಕು. ಹೀಗಿರುವಾಗ ಮೈದಾನದ ಅಂಚಿನ ನಮ್ಮ ಹಲಗೆ ಗೂಡಿನ ಬಾಗಿಲಿಂದ ಕಲೊಲೈನೆ ಒಳಗೆ ಬಂದಳು. ಲೊಪೇಟಿ ಕಿಟಕಿಯಿಂದ ಹೊರಗೆ ಹೋದ. ಗೂಡು ಆಳೆತ್ತರದ ಕಂಬಗಳ ಮೇಲಿತ್ತು.

ಹೆಪೆಟಿ ಆಕ್ಲೆಂಡಿನಲ್ಲಿ ಬೆಳೆದವನು. ಪದ್ಧತಿ ಗೊತ್ತಿದ್ದೂ ಗೊತ್ತಿಲ್ಲದವನಂತೆ ಇರುತ್ತಿದ್ದ. "ಅವೆಲ್ಲ ಮನೇಲಿ ಇಟ್ಕೊಳ್ಳಿ. ಪಂದ್ಯದ ಮಧ್ಯೆ ಇನ್ನೊಂದ್ಸಲ ಯಾರು ಮೈಕ್ ಬಿಟ್ಟು ಎದ್ದರೋ ಅವರಿಗೆ ಮತ್ತೆ ಮೈಕ್ ಇಲ್ಲ!" ಎಂದು ಕೂಗಾಡಿದ.

ಕೊನೆಗೆ ದಾರಿ ಕಂಡುಕೊಂಡವನು ನಾನೇ, ನನ್ನ ಕರ್ಮ. ಅಕ್ಕ ಗೂಡಿನೊಳಗೆ ಕುರ್ಚಿಯಲ್ಲಿ, ತಮ್ಮ ಗೂಡಿನ ಕೆಳಗೆ ನೆಲದ ಮೇಲೆ, ನಡುವಿನ ಏಣಿಯ ಮೇಲೆ ನಾನು. ಕೆಳಗಿನಿಂದ ಲೊಪೇಟಿಗೆ ಕಾಣುತ್ತಿದ್ದದ್ದು ಮುಂದೆ ನಿಂತ ಪ್ರೇಕ್ಷಕರ ಕಾಲುಗಳ ಸಂದಿಯಲ್ಲಿ ಓಡುವ ಆಟಗಾರರ ಕಾಲುಗಳು ಮಾತ್ರ. ಮಹಾನುಭಾವ, ಬರೀ ಮೀನಖಂಡ ನೋಡಿ ಆಟಗಾರನ ಹೆಸರು ಹೇಳುತ್ತಿದ್ದ. ಇಬ್ಬರೂ ನೇರವಾಗಿ ಮಾತಾಡುವಂತಿಲ್ಲ, ಆದ್ದರಿಂದ ರೇಡಿಯೋದಲ್ಲಿ ಎಲ್ಲವೂ ನನ್ನ ಮೂಲಕವೇ ನಡೆಯಬೇಕು.

"ಸೆಮಿಸಿ, ಮೇಲಿರೋರನ್ನ ಕೇಳು, ಚೆಂಡು ಯಾರ ಕೈಲಿದೆ?"

"ಸೆಮಿಸಿ, ಕೆಳಗಿರೋರಿಗೆ ಹೇಳು, ಚೆಂಡು ಹೊರಗೆ ಹೋಗಿ ಆಗ್ಲೇ ಒಂದು ನಿಮಿಷ ಆಯ್ತು."

"ಹೊರಗೆ ಹೋಗಿದೆ," ಎನ್ನುತ್ತಿದ್ದೆ ನಾನು.

ಇದು ಜನರಿಗೆ ಹುಚ್ಚು ಹಿಡಿಸಿತು. ಲೊಪೇಟಿಯ ಬಾಯಿ ತೊಳೆದಿಟ್ಟಂತೆ ಶುದ್ಧವಾಗಿತ್ತು. ಅಕ್ಕ, ತಂಗಿ, ಅಣ್ಣ, ತಮ್ಮ ಯಾರೂ ಎದ್ದು ಓಡದೆ ಒಟ್ಟಿಗೆ ಪಂದ್ಯ ಕೇಳಿದ್ದು ಅದೇ ಮೊದಲು. ನಾಲ್ಕು ತಿಂಗಳು ಹೀಗೆ ನಡೆಯಿತು.

ಆಮೇಲೆ ಅಂತಿಮ ಪಂದ್ಯ ಬಂತು. ಕಡೆಯ ಐದು ನಿಮಿಷ, ಅಂಕ ಸಮಸಮ. ಪಶ್ಚಿಮದ ಹಳ್ಳಿಯ ವುಂಗಾ ಚೆಂಡು ಹಿಡಿದು ಓಡಿದ. ಬೆನ್ನಟ್ಟಿದವನು ಹಾರಿ ಅವನ ಚಡ್ಡಿ ಹಿಡಿದ. ಚಡ್ಡಿ ಅವನ ಕೈಯಲ್ಲೇ ಉಳಿಯಿತು. ವುಂಗಾ ನಿಲ್ಲಲಿಲ್ಲ. ಅರ್ಧ ಮೈದಾನ ಹಾಗೆಯೇ ಓಡಿ, ಗೆರೆ ದಾಟಿ, ಚೆಂಡನ್ನು ನೆಲಕ್ಕೊತ್ತಿ ಗೆಲುವಿನ ಅಂಕ ತಂದುಕೊಟ್ಟ. ಹೆಂಗಸರು ಬೀಸಣಿಗೆಯಲ್ಲಿ ಮುಖ ಮುಚ್ಚಿಕೊಂಡರು. ಬೀಸಣಿಗೆ ಇಲ್ಲದವರು ನೋಡಿದರು. ಚಡ್ಡಿ ಹಿಡಿದವನು ಅದನ್ನು ಯಾರಿಗೆ ಒಪ್ಪಿಸಬೇಕೆಂದು ರೆಫರಿಯನ್ನು ಕೇಳುತ್ತಿದ್ದ.

ರೇಡಿಯೋದಲ್ಲಿ ಮಾತಿಲ್ಲ. ಲೊಪೇಟಿಗೆ ಕೆಳಗಿನಿಂದ ಎಲ್ಲವೂ ಸ್ಪಷ್ಟವಾಗಿ ಕಂಡಿತ್ತು. ಇಂಥ ದೃಶ್ಯಕ್ಕಾಗಿಯೇ ಹುಟ್ಟಿದ ಮನುಷ್ಯ ಬಾಯಿ ತೆರೆದ, ತಲೆಯ ಮೇಲಿನ ಹಲಗೆ ನೋಡಿದ, ಮುಚ್ಚಿದ. ಅಂಕಣದ ಆಚೆಯಿಂದ ಹೆಪೆಟಿ ಮಾತಾಡಿ, ಮಾತಾಡಿ ಎಂದು ಕೈ ಬೀಸುತ್ತಿದ್ದ. ಲೊಪೇಟಿ ಮೈಕನ್ನು ಮೆಲ್ಲಗೆ ನನ್ನ ಎಡಗೈಯಲ್ಲಿಟ್ಟ.

"ನಾನಿದ್ರೆ ಅಕ್ಕನಿಗೆ ಬಾಯಿ ಬಿಡೋಕಾಗಲ್ಲ. ಅವಳು ಹೇಳ್ಲಿ."

"ಎದ್ರೆ ಕೆಲಸ ಹೋಗುತ್ತೋ!"

"ಗೊತ್ತು ಬಿಡೋ," ಎಂದು ಕುಂಟುತ್ತ ಪೂರ್ವದ ಗೇಟಿನತ್ತ ಹೊರಟೇಬಿಟ್ಟ.

ಮೇಲೆ ನೋಡುತ್ತೇನೆ, ಕಲೊಲೈನೆಯ ಕುರ್ಚಿ ಖಾಲಿ. ಹಿಂದಿನ ಮೆಟ್ಟಿಲಿಳಿದು ಬಂದವಳು, ತಮ್ಮ ಕೂರುವ ಜಾಗದತ್ತ ಕಣ್ಣು ಹಾಯಿಸದೆ, ತನ್ನ ಮೈಕನ್ನು ನನ್ನ ಬಲಗೈಗೆ ತುರುಕಿದಳು.

"ನಾನಿದ್ರೆ ಅವನಿಗೆ ಹೇಳೋಕಾಗಲ್ಲ. ಇಂಥದ್ದನ್ನ ಅವನಷ್ಟು ಚೆನ್ನಾಗಿ ಯಾರು ಹೇಳ್ತಾರೆ?" ಎಂದವಳೇ ಪಶ್ಚಿಮದ ಗೇಟಿನತ್ತ ನಡೆದಳು.

ಎರಡು ಕೈಗೆ ಎರಡು ಮೈಕು. ಇಡೀ ದೇಶ ಕಾಯುತ್ತಿದೆ.

"ವುಂಗಾ ಗೆದ್ದ," ಎಂದೆ. "ಚಡ್ಡಿ ಸೋತ."

ಆ ಕ್ಷಣ ಟೊಂಗಾದ ಮನೆಮನೆಯಲ್ಲೂ ಗಂಡಸರು ಮುಂಬಾಗಿಲಿಂದ, ಹೆಂಗಸರು ಹಿಂಬಾಗಿಲಿಂದ ಎದ್ದು ಓಡಿದರಂತೆ. ಉಳಿದ ನಾಲ್ಕು ನಿಮಿಷದ ಆಟವನ್ನು ನಾನು ಖಾಲಿ ಮನೆಗಳಿಗೆ ವಿವರಿಸಿದೆ.

ಪಂದ್ಯ ಮುಗಿದ ಮೇಲೆ ಲೊಪೇಟಿಯನ್ನು ಹುಡುಕಿಕೊಂಡು ಹೋದೆ. ಪೂರ್ವದ ಗೇಟಿನ ಹೊರಗೆ ಎಳನೀರು ಹಿಡಿದು ಕೂತಿದ್ದ, ಕುಡಿದಿರಲಿಲ್ಲ.

"ಅಕ್ಕ ಚೆನ್ನಾಗಿ ಹೇಳಿದಳಾ?"

"ಅವಳೂ ಎದ್ದು ಹೋದಳು, ದಡ್ಡ! ನೀನು ಹೇಳ್ಲಿ ಅಂತ."

ಅವನು ಎಳನೀರನ್ನು ಕೆಳಗಿಟ್ಟ. "ಅಕ್ಕನಿಗೆ ಹೇಳು..." ಎಂದ. ನಾನು ಕಾದೆ. ನಾಲ್ಕು ತಿಂಗಳಿಂದ ಮಾಡಿದ್ದು ಅದೇ ಕೆಲಸವಲ್ಲವೇ? ಮುಂದಿನ ಮಾತು ಹೊರಡಲಿಲ್ಲ. ಅಷ್ಟು ದೊಡ್ಡ ಆಳು ಅಂಗಿಯ ತೋಳಲ್ಲಿ ಕಣ್ಣೊರೆಸಿಕೊಂಡು, ಹೋಗು ಎಂದು ಕೈ ಬೀಸಿದ. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ.

ಖಾಲಿ ಮೈದಾನ ದಾಟಿ ಪಶ್ಚಿಮದ ಗೇಟಿಗೆ ಹೋದೆ. ಕಲೊಲೈನೆ ನಿಂತೇ ಇದ್ದಳು.

"ಏನಂದ?"

"ಅವನೂ ಎದ್ದು ಹೋಗಿದ್ದ, ನೀವು ಹೇಳ್ಲಿ ಅಂತ. ಈಗ ಅಕ್ಕನಿಗೆ ಹೇಳು ಅಂದ. ಏನಂತ ಹೇಳೋಕಾಗಲಿಲ್ಲ ಅವನಿಗೆ."

ಅವಳು ಮುಖ ಆಚೆ ತಿರುಗಿಸಿಕೊಂಡಳು. "ನಾನೂ ಅದನ್ನೇ ಹೇಳಿದೆ ಅನ್ನು, ಸೆಮಿಸಿ," ಎಂದಳು.

ನಾನು ಮತ್ತೆ ಮೈದಾನ ದಾಟಿದೆ.