ಮೂರನೇ ಡ್ರಮ್ಮು

ಮಡಕಶಿರಾದಿಂದ ರತ್ನಗಿರಿ ಕಡೆ ಹೋಗುವ ದಾರಿಯಲ್ಲಿ, ಬೋಳುಗುಡ್ಡದ ಮಗ್ಗುಲಿಗೆ ಎರಡು ತಗಡಿನ ಶೆಡ್ಡುಗಳಿದ್ದವು. ಉಪಗ್ರಹಗಳ ಪುಟ್ಟ ಎಂಜಿನ್ನುಗಳಿಗೆ ಬೇಕಾದ ಇಂಧನವನ್ನು ಅಲ್ಲಿ ತಯಾರಿಸಿ ಪರೀಕ್ಷೆ ಮಾಡುತ್ತಿದ್ದರು. ಲ್ಯಾಬ್ ನೋಡಿಕೊಳ್ಳುತ್ತಿದ್ದವಳು ರಾಯದುರ್ಗದ ನಾಗವೇಣಿ. ಓಬಳಾಪುರದ ಕಡೆ ಅದಿರು ಪರೀಕ್ಷೆಯ ಲ್ಯಾಬಿನಲ್ಲಿ ಏಳು ವರ್ಷ ದುಡಿದು ಇಲ್ಲಿಗೆ ಬಂದಿದ್ದಳು.

ಕಂಪನಿ ಕಟ್ಟಿದವನು ಗೋವರ್ಧನ್. ಹಿಂದೆ ಬೇರೊಂದು ಕಡೆ ಅವನು ಹೈಡ್ರಜೀನ್ ತುಂಬುವ ಕೆಲಸದಲ್ಲಿದ್ದ. ಉಪಗ್ರಹಗಳಿಗೆ ಬಹಳ ಕಾಲದಿಂದ ತುಂಬುತ್ತ ಬಂದಿರುವ ಇಂಧನ ಅದು. ಅದರ ಆವಿಯೂ ವಿಷ. ಒಂದು ಸಣ್ಣ ಸೋರಿಕೆಯಲ್ಲಿ ಅವನ ಗೆಳೆಯನ ಶ್ವಾಸಕೋಶ ಹಾಳಾಯಿತು. ಅಂದಿನಿಂದ ಗೋವರ್ಧನನಿಗೆ ಒಂದೇ ಹಟ, ಕೆಲಸ ಮಾಡುವವರನ್ನೂ ನೆಲವನ್ನೂ ಕೆಡಿಸದ ಇಂಧನ ಬೇಕು. ಹುಡುಕಿ ಹುಡುಕಿ ಗಾಢವಾದ ಹೈಡ್ರೋಜನ್ ಪೆರಾಕ್ಸೈಡಿಗೆ ಬಂದು ನಿಂತಿದ್ದ. ಅದು ಒಡೆದರೆ ಹೊರಬರುವುದು ನೀರಿನ ಹಬೆ ಮತ್ತು ಆಮ್ಲಜನಕ, ಅಷ್ಟೇ. ಅದಕ್ಕೆ ಆಗದಿರುವುದು ಕೊಳೆ, ಅದರಲ್ಲೂ ಕಬ್ಬಿಣ. ಚಿಟಿಕೆ ತುಕ್ಕು ಬಿದ್ದರೂ ಡ್ರಮ್ಮಿನೊಳಗೇ ಕಾದು ಒಡೆಯತೊಡಗುತ್ತದೆ.

ಆ ಶನಿವಾರ ಸ್ಯಾಂಪಲ್ ತೆಗೆಯುವ, ತುಕ್ಕು ಹಿಡಿಯದ ಸ್ಟೀಲ್ ಸೌಟಿನ ಹಿಡಿ ಮುರಿಯಿತು. ನಾಗವೇಣಿ ಅದನ್ನು ಚೀಲಕ್ಕೆ ಹಾಕಿಕೊಂಡು ಊರಿಗೆ ಹೋದಳು. ಭಾನುವಾರ ಗುರುತಿನ ವೆಲ್ಡರ್ ಜಗದೀಶ್ ಬೆಸೆದುಕೊಟ್ಟ. ಹಾಗೆ ಬೆಸೆದದ್ದನ್ನು, ಬೆಸುಗೆಯಲ್ಲುಳಿದ ಕಬ್ಬಿಣದ ಕಣ ಹೋಗುವಂತೆ, ಆ್ಯಸಿಡ್ಡಿನಲ್ಲಿ ಒಂದು ದಿನ ನೆನೆಸಿ, ತೊಳೆದು, ಆಮೇಲೇ ಬಳಸಬೇಕು. ಈ ನಿಯಮ ಬರೆದವಳೇ ಅವಳು.

ಸೋಮವಾರ ಬೆಳಿಗ್ಗೆ ಗೋವರ್ಧನ್ ಬೆಂಗಳೂರಿನಿಂದ ಹೊರಟವನು ಫೋನ್ ಮಾಡಿದ. "ನಾಗವೇಣಿಯವರೇ, ಮೂರನೇ ಡ್ರಮ್ಮಿನ ಸ್ಯಾಂಪಲ್ ತೆಗೆದಿರಾ? ನಾಳೆ ಎಂಜಿನ್ ಉರಿಸಲೇಬೇಕು."

"ತೆಗದೀನ್ರಿ ಸರ್," ಎಂದುಬಿಟ್ಟಳು.

ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. ಆಡಿದ್ದನ್ನು ನಿಜ ಮಾಡುವ ಅವಸರದಲ್ಲಿ ಸೌಟನ್ನು ಬರೀ ಶುದ್ಧ ನೀರಿನಲ್ಲಿ ತೊಳೆದು, ಒರೆಸಿ, ಡ್ರಮ್ಮಿಗೆ ಇಳಿಸಿದಳು.

ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಮಾರೇಶ್ ಬಾಗಿಲಲ್ಲಿ ನಿಂತಿದ್ದ. ಪಕ್ಕದ ಹಳ್ಳಿಯವನು, ಡ್ರಮ್ಮುಗಳ ಬಿಸಿ ನೋಡಿ ಗಂಟೆಗೊಮ್ಮೆ ಬರೆದಿಡುವುದು ಅವನ ಕೆಲಸ.

"ಅಕ್ಕ, ಮೂರನೇ ಡ್ರಮ್ಮು ಬೆಚ್ಚಗಾಗೈತೆ. ಮೂವತ್ನಾಕು ತೋರಿಸ್ತೈತೆ."

ಬೆಳಿಗ್ಗೆ ಇಪ್ಪತ್ತೇಳಿತ್ತು. ಅವಳು ಓಡಿಹೋಗಿ ನೋಡುವಷ್ಟರಲ್ಲಿ ಮೂವತ್ತೆಂಟು. ಮುಚ್ಚಳದ ಗಾಳಿಕಿಂಡಿ ಸಣ್ಣಗೆ ಸುಯ್ಯೆನ್ನುತ್ತಿತ್ತು. ಕಾರಣ ಅವಳಿಗೆ ಆ ಕ್ಷಣವೇ ಗೊತ್ತಾಯಿತು.

"ಮಾರೇಶ, ನೀರು ಬಿಡು. ಮೊದಲು ಗ್ಲೌಸ್ ಹಾಕ್ಕೋ."

ಅವನು ಪೈಪು ಎಳೆದು ತಂದ. ಬಿಗಿದಿದ್ದ ನೀರಿನ ವಾಲ್ವು ಗ್ಲೌಸಿನಲ್ಲಿ ಜಾರುತ್ತಿತ್ತೆಂದು ಬಲಗೈಯದನ್ನು ಕಿತ್ತೆಸೆದ. ಅವಳು ಮುಚ್ಚಳ ತೆಗೆದು ಪೈಪು ತೂರಿಸಿದಳು. ಅರ್ಧ ತುಂಬಿದ್ದ ಡ್ರಮ್ಮು ಗುಡುಗುಡು ಎಂದು ಒಮ್ಮೆ ಬಿಸಿಯಾಗಿ ಉಗುಳಿತು. ಉಗುಳಿದ್ದು ಪಕ್ಕದಲ್ಲೇ ನಿಂತಿದ್ದ ಅವನ ಬರಿಗೈಗೆ ಬಿತ್ತು. ಬೆರಳುಗಳು ಸುಣ್ಣದಲ್ಲಿ ಅದ್ದಿದ ಹಾಗೆ ಬೆಳ್ಳಗಾದವು. ಹೆಗಲ ಮೇಲಿನ ಟವೆಲ್ಲು ನೆಲದಲ್ಲಿ ಚೆಲ್ಲಿದ್ದರ ಮೇಲೆ ಬಿದ್ದು, ಹೊಗೆಯಾಡಿ, ಕಡ್ಡಿ ಗೀರದೆಯೇ ಹತ್ತಿಕೊಂಡಿತು. ನಾಗವೇಣಿ ಅವನನ್ನು ದರದರ ಎಳೆದು ನಲ್ಲಿಯ ಕೆಳಗೆ ನಿಲ್ಲಿಸಿ, ಇನ್ನೊಂದು ಪೈಪಿನಿಂದ ಬೆಂಕಿ ಆರಿಸಿದಳು.

ಒಂದು ಗಂಟೆ ನೀರು ಹರಿಯಿತು. ಡ್ರಮ್ಮು ತಣ್ಣಗಾಯಿತು. ಗಾಳಿಯಲ್ಲಿ ವಿಷವಿರಲಿಲ್ಲ. ಬೇಲಿಯಾಚೆ ಕುರಿಗಳು ಮೇಯುತ್ತಲೇ ಇದ್ದವು. ಹೈಡ್ರಜೀನ್ ಆಗಿದ್ದರೆ ಆ ಹೊತ್ತಿಗೆ ಹಳ್ಳಿಯನ್ನೇ ಎಬ್ಬಿಸಿ ಓಡಿಸಬೇಕಿತ್ತು ಎಂದು ಅವಳಿಗೆ ಹೊಳೆಯಿತು. ಸಮಾಧಾನ ಮಾತ್ರ ಆಗಲಿಲ್ಲ.

ಮಾರೇಶನ ಕೈಗೆ ಮಡಕಶಿರಾದಲ್ಲಿ ಕಟ್ಟು ಹಾಕಿಸಿಕೊಂಡು ಬಂದಾಗ ಗೋವರ್ಧನ್ ಬಂದಿದ್ದ. ಎಲ್ಲವನ್ನೂ ನೋಡಿ, ಸರ್ಕಾರಕ್ಕೆ ಕೊಡಬೇಕಾದ ಅಪಘಾತದ ವರದಿ ಬರೆಯಲು ಲ್ಯಾಪ್‌ಟಾಪ್ ತೆರೆದು ಕೂತ.

"ಗ್ಲೌಸ್ ತೆಗೆದಿದ್ದು ನಿಜ ತಾನೇ ಮಾರೇಶ್?"

"ನಿಜ ಸಾರ್. ಬೆಳಿಗ್ಗೆ ಡ್ರಮ್ಮಿನ ಮ್ಯಾಲೆ ಟವಲ್ಲೂ ಇಟ್ಟಿದ್ದೆ. ಅದರ ಕೊಳೆ ಒಳಿಕ್ಕೆ ಹೋಯ್ತೋ ಏನೋ. ನಂದೇ ತಪ್ಪು."

ಗೋವರ್ಧನ್ ಅದನ್ನೇ ಟೈಪು ಮಾಡತೊಡಗಿದ. ಮಾರೇಶನನ್ನು ಹೊರಗೆ ಕಳಿಸಿ ನಾಗವೇಣಿ ಸೌಟನ್ನು ಮೇಜಿನ ಮೇಲಿಟ್ಟಳು. ಬೆಸುಗೆಯ ಸುತ್ತ ಕೆಂಪು ಕಲೆ ಎದ್ದಿತ್ತು.

"ಅವನದಲ್ರಿ ಸರ್. ನಂದು. ಆ್ಯಸಿಡ್ಡಿಗೆ ಹಾಕದೆ ಇಳಿಸೀನಿ. ನಿಮಗ ಸುಳ್ಳೂ ಹೇಳೀನಿ."

ಅವನು ಸೌಟನ್ನು ಎತ್ತಿ ತಿರುಗಿಸಿ ನೋಡಿದ. ಬೈಯಲಿಲ್ಲ. "ಕೆಲಸಗಾರನ ಅಜಾಗರೂಕತೆ ಅಂದರೆ ತನಿಖೆ ವಾರದಲ್ಲಿ ಮುಗಿಯುತ್ತೆ. ಲ್ಯಾಬೇ ನಿಯಮ ಮುರಿದಿದೆ ಅಂತ ಬರೆದರೆ ಪರ್ಮಿಷನ್ ನಿಲ್ಲಿಸ್ತಾರೆ. ನಮ್ಮ ಇಂಧನಕ್ಕೆ ಕಾಯ್ತಿರೋ ಉಪಗ್ರಹದೋರು ಮತ್ತೆ ಆ ಹೈಡ್ರಜೀನ್ ವಿಷಾನೇ ತುಂಬ್ತಾರೆ. ಅದನ್ನ ಉಸಿರಾಡೋದು ಇನ್ಯಾರೋ ಮಾರೇಶ್. ಯೋಚನೆ ಮಾಡಿ."

ಅವನ ಮಾತು ಸುಳ್ಳಲ್ಲ. ಅವಳನ್ನು ಹಿಂಡಿದ್ದೇ ಅದು. ಹೊರಗೆ ಮಾರೇಶ್ ಅಭ್ಯಾಸವಿಲ್ಲದ ಎಡಗೈಯಲ್ಲಿ ನೀರಿನ ಲೋಟ ಹಿಡಿಯಲಾರದೆ ತಡಕಾಡುತ್ತಿದ್ದ.

"ಯೋಚಿಸೀನ್ರಿ," ಎಂದಳು. "ಅವನ ಹೆಸರು ತಗೀರಿ. ನಾನು ಸಹಿ ಹಾಕ್ತೀನಿ."

ಪರ್ಮಿಷನ್ ನಿಂತಿತು. ಶೆಡ್ಡಿಗೆ ನಾಲ್ಕು ತಿಂಗಳು ಬೀಗ. ಅಷ್ಟರಲ್ಲಿ, ಅವರ ಎಂಜಿನ್ನು ಕೂರಬೇಕಿದ್ದ ಉಪಗ್ರಹಕ್ಕೆ ಹೈಡ್ರಜೀನೇ ನಿಗದಿಯಾಯಿತೆಂದು ಗೋವರ್ಧನ್ ಒಂದೇ ಸಾಲಿನ ಮೆಸೇಜು ಕಳಿಸಿದ.

ಶೆಡ್ಡು ಮತ್ತೆ ತೆರೆದಾಗ ಗೋವರ್ಧನ್ ಅವಳನ್ನೇ ಕರೆದ. ಹೋಗುವ ಮೊದಲು ಅವಳು ಮಾರೇಶನ ಮನೆಗೆ ಹೋದಳು. ಅವನು ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದ. ಸುಟ್ಟ ಕೈಗೆ ಚರ್ಮ ಹೊಸದಾಗಿ ಬಂದಿತ್ತು, ಬೆರಳ ತುದಿಗಳಿಗೆ ಮಾತ್ರ ಇನ್ನೂ ಸ್ಪರ್ಶ ತಿಳಿಯುತ್ತಿರಲಿಲ್ಲ.

"ವಾಪಸ್ ಬರ್ತೀಯೇನಪ್ಪ?" ಎಂದು ಕೇಳಿದಳು.

ಅವನು ಹೆಂಡತಿಯ ಮುಖ ನೋಡಿದ. ದುರ್ಗಾ ಸೊಪ್ಪಿನ ಬುಟ್ಟಿ ಕೆಳಗಿಟ್ಟು, "ಬ್ಯಾಡಕ್ಕ," ಎಂದಳು. "ನೀವು ನಿಜ ಹೇಳಿದ್ರಿ, ಅದು ದೊಡ್ಡದು. ಆದ್ರೂ ಬ್ಯಾಡ."

ದುರ್ಗಾ ಕೊಟ್ಟ ಟೀ ಕುಡಿದು ನಾಗವೇಣಿ ಎದ್ದಳು. ರಸ್ತೆಗೆ ಬಂದು, ಶೆಡ್ಡಿನ ಕಡೆ ಹೋಗುವ ಆಟೋ ನಿಲ್ಲಿಸಿ ಹತ್ತಿದಳು.