ಬೆಳ್ತಂಗಡಿಯ ಸೆಮಿಫೈನಲ್

ಬಂಟ್ವಾಳದ ಕ್ಲಬ್ಬಿನಲ್ಲಿ ಧರ್ಣಪ್ಪ ಇಪ್ಪತ್ತೆರಡು ವರ್ಷ ಮಾರ್ಕರ್ ಆಗಿದ್ದ. ಸ್ನೂಕರ್ ಮೇಜಿನ ಹಸಿರು ಬಟ್ಟೆಗೆ ಬ್ರಶ್ ಹಾಕುವುದು, ಗುಳಿಗೆ ಬಿದ್ದ ಬಣ್ಣದ ಚೆಂಡುಗಳನ್ನು ತೆಗೆದು ಮತ್ತೆ ಅದರದರ ಜಾಗದಲ್ಲಿಡುವುದು, ಆಡುವವರ ಅಂಕ ಕೂಗುವುದು ಅವನ ಕೆಲಸ. ಸದಸ್ಯರಿಗೆ ಕೋಲು ಹಿಡಿಯಲು ಕಲಿಸಿದವನೂ ಅವನೇ. ಆದರೆ ಅವರು ಆಡುವ ಯಾವ ಪಂದ್ಯಾಟದಲ್ಲಿಯೂ ಅವನು ಆಡುವ ಹಾಗಿರಲಿಲ್ಲ. ಮೇಜಿನ ಬಳಿ ಸಂಬಳಕ್ಕೆ ನಿಂತವನು ವೃತ್ತಿಪರ, ಹವ್ಯಾಸಿಗಳ ಜೊತೆ ಅವನಿಗೆ ಆಟವಿಲ್ಲ ಎಂಬುದು ನಿಯಮ.

೧೯೬೨ರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರಿಯ ಮೂರು ಕ್ಲಬ್ಬುಗಳು ಸೇರಿ ಮಾರ್ಕರ್‌ಗಳಿಗಾಗಿಯೇ ವೃತ್ತಿಪರರ ಚಾಂಪಿಯನ್‌ಶಿಪ್ ಇಟ್ಟವು. ಗೆದ್ದವನು ಮದರಾಸಿಗೆ ಹೋಗಿ, ಅಲ್ಲಿಗೆ ಬರಲಿದ್ದ ಒಬ್ಬ ಇಂಗ್ಲಿಷ್ ಆಟಗಾರನೊಂದಿಗೆ ಪ್ರದರ್ಶನ ಪಂದ್ಯ ಆಡಬೇಕು. ಸುದ್ದಿ ಕೇಳಿದ ದಿನ ಧರ್ಣಪ್ಪ ಮನೆಗೆ ಬಂದು ಹೆಂಡತಿ ಜಲಜಾಕ್ಷಿಗೆ ಹೇಳಿದ, “ನಾನು ಆಡ್ತೇನೆ.” ಅಂದು ಅವನಿಗೆ ಊಟ ಸೇರಲಿಲ್ಲ.

ಬೇರೆ ಊರಿನ ಕ್ಲಬ್ಬುಗಳವರೂ ಸೇರಿ ಎಂಟು ಮಂದಿ ಬಂದರು. ಬಂಟ್ವಾಳದಲ್ಲಿ ನಡೆದ ಕ್ವಾರ್ಟರ್‌ಫೈನಲಿನಲ್ಲಿ ಧರ್ಣಪ್ಪ ಮಡಿಕೇರಿಯವನನ್ನು ಸುಲಭವಾಗಿ ಸೋಲಿಸಿದ. ಮೂಡಬಿದ್ರಿಯ ಮಾರ್ಕರ್ ನಿಝಾಮುದ್ದೀನನೂ ಗೆದ್ದ. ಇಬ್ಬರೂ ಹದಿನೆಂಟರ ಪ್ರಾಯದಲ್ಲಿ ಮಂಗಳೂರಿನ ಒಂದೇ ಕ್ಲಬ್ಬಿನಲ್ಲಿ ಕೆಲಸಕ್ಕೆ ಸೇರಿದವರು. ದೊರೆಗಳು ಊಟಕ್ಕೆ ಹೋದಾಗ ಒಂದೇ ಕೋಲಿನಲ್ಲಿ ಸರದಿಯ ಮೇಲೆ ಹೊಡೆದು ಕಲಿತವರು. ಈಗ ಬೆಳ್ತಂಗಡಿಯ ಸೆಮಿಫೈನಲಿನಲ್ಲಿ ಅವರಿಬ್ಬರೇ ಎದುರಾಳಿಗಳು.

ಕ್ವಾರ್ಟರ್‌ಫೈನಲ್ ಮುಗಿದ ಸಂಜೆ ಬಸ್ಸಿಗೆ ಕಾಯುವಾಗ ನಿಝಾಮುದ್ದೀನ್ ಧರ್ಣಪ್ಪನನ್ನು ಪಕ್ಕಕ್ಕೆ ಕರೆದ.

“ಒಂದು ವಿಷಯ ಉಂಟು. ನೀನು ಯಾರಿಗೂ ಹೇಳಬಾರದು.”

“ಎಂಥದ್ದು ಮಾರಾಯ?”

“ಬೆಳಕು ಕಡಿಮೆಯಾದರೆ ನನಗೆ ಕೆಂಪು ಚೆಂಡೂ ಕಂದು ಚೆಂಡೂ ಒಂದೇ ರೀತಿ ಕಾಣ್ತದೆ. ಎರಡು ವರ್ಷ ಆಯ್ತು. ಬೆಳಿಗ್ಗೆ ತೊಂದರೆ ಇಲ್ಲ. ಕಂದು ಅದರ ಜಾಗದಲ್ಲೇ ಇದ್ದರೂ ತೊಂದರೆ ಇಲ್ಲ. ಅಲ್ಲಿಂದ ಕದಲಿತೋ, ನನಗೆ ಅಂದಾಜೇ ಸಿಗುವುದಿಲ್ಲ.”

“ರೆಫರಿಯನ್ನು ಕೇಳಬಹುದಲ್ಲ? ಬಣ್ಣ ಯಾವುದೆಂದು ಹೇಳ್ತಾರೆ.”

“ಕೇಳಿದರೆ ನಮ್ಮ ಕ್ಲಬ್ಬಿನ ಅಧ್ಯಕ್ಷರು ಬಲ್ಲಾಳರಿಗೆ ಗೊತ್ತಾಗ್ತದೆ. ಬಣ್ಣ ಕಾಣದ ಮಾರ್ಕರನ್ನು ಯಾರು ಇಟ್ಟುಕೊಳ್ತಾರೆ?” ನಿಝಾಮುದ್ದೀನ್ ರಸ್ತೆಯನ್ನೇ ನೋಡುತ್ತಾ ಹೇಳಿದ. “ಸಂಶಯ ಬಂದರೆ ಹೊಡೆಯುವ ಮೊದಲು ನಿನ್ನ ಕಡೆ ನೋಡ್ತೇನೆ. ತಪ್ಪು ಚೆಂಡಾದರೆ ಸ್ವಲ್ಪ ತಲೆ ತಗ್ಗಿಸು. ನಿನಗೆ ಸೋತರೆ ನನಗೆ ಬೇಸರ ಇಲ್ಲ. ಆದರೆ ಅಷ್ಟು ಜನರ ಎದುರು ಹಾಗೆ ಸೋಲುವುದು ಬೇಡ.”

“ಆಯ್ತು,” ಎಂದ ಧರ್ಣಪ್ಪ. “ನೀನು ಅದರ ಚಿಂತೆ ಬಿಡು.”

ಆ ಮಾತನ್ನು ಅವನು ಮನಸ್ಸಿನಿಂದಲೇ ಹೇಳಿದ್ದ.

ಬೆಳ್ತಂಗಡಿಯಲ್ಲಿ ಆಟ ಶುರುವಾದದ್ದು ಮಧ್ಯಾಹ್ನ ಎರಡು ಗಂಟೆಗೆ. ಐದು ಫ್ರೇಮುಗಳಲ್ಲಿ ಮೂರು ಗೆದ್ದವನು ಫೈನಲಿಗೆ. ಮಾಡಿನ ಗಾಜಿನ ಹೆಂಚುಗಳಿಂದ ಬಿಸಿಲು ಬೀಳುತ್ತಿತ್ತು. ಮೇಜಿನ ಮೇಲೆ ಬಲ್ಬುಗಳೂ ಇದ್ದವು. ಸುತ್ತ ಕುರ್ಚಿಗಳಲ್ಲಿ ಮೂರೂ ಕ್ಲಬ್ಬುಗಳ ಸದಸ್ಯರು, ಮುಂದಿನ ಸಾಲಿನಲ್ಲಿ ಮೂಡಬಿದ್ರಿ ಕ್ಲಬ್ಬಿನ ಅಧ್ಯಕ್ಷ ಶಾಂತಿರಾಜ ಬಲ್ಲಾಳರು. ಆಡುವವರಿಗೆ ಗೋಡೆಯ ಬದಿಯಲ್ಲಿ ಎರಡು ಸ್ಟೂಲು.

ಮೊದಲ ಎರಡು ಫ್ರೇಮುಗಳನ್ನು ನಿಝಾಮುದ್ದೀನ್ ಗೆದ್ದ. ಅವನ ಕೈ ಅಂದು ಎಷ್ಟು ಹಗುರವಾಗಿತ್ತೆಂದರೆ, ಸೋಲುತ್ತಿದ್ದರೂ ಧರ್ಣಪ್ಪನಿಗೆ ನೋಡುವ ಆಸೆಯಾಗುತ್ತಿತ್ತು. ಮುಂದಿನ ಎರಡನ್ನು ಧರ್ಣಪ್ಪ ಬಹಳ ಕಷ್ಟದಲ್ಲಿ ಗೆದ್ದ. ಅಷ್ಟರಲ್ಲಿ ಬಿಸಿಲು ಇಳಿದಿತ್ತು, ಕರೆಂಟಿನ ಬೆಳಕೂ ಮಂಕಾಗಿತ್ತು. ಮೂರನೆಯ ಫ್ರೇಮಿನಲ್ಲೊಮ್ಮೆ, ನಾಲ್ಕನೆಯದರಲ್ಲೊಮ್ಮೆ ನಿಝಾಮುದ್ದೀನ್ ಬಾಗಿದವನು ಕತ್ತೆತ್ತಿ ಸ್ಟೂಲಿನ ಕಡೆ ನೋಡಿದ. ಎರಡು ಸಲವೂ ಧರ್ಣಪ್ಪ ತಲೆ ತಗ್ಗಿಸಿದ. ಎರಡು ಸಲವೂ ನಿಝಾಮುದ್ದೀನ್ ಕೋಲಿಗೆ ಚಾಕ್ ಹಚ್ಚುವ ನೆಪದಲ್ಲಿ ಎದ್ದು ಬೇರೆ ಚೆಂಡಿಗೆ ಗುರಿಯಿಟ್ಟ.

ಐದನೆಯ ಫ್ರೇಮಿನಲ್ಲಿ ನಿಝಾಮುದ್ದೀನ್ ಇಪ್ಪತ್ತು ಅಂಕ ಮುಂದಿದ್ದ. ಮೇಜಿನ ಮೇಲೆ ಒಂದೇ ಕೆಂಪು ಉಳಿದಿತ್ತು. ನಿಯಮದಂತೆ ಆ ಕೆಂಪಿಗೇ ಮೊದಲು ಹೊಡೆಯಬೇಕು, ಬೇರೆಯದಕ್ಕೆ ತಾಗಿದರೆ ಎದುರಾಳಿಗೆ ಅಂಕ. ಕಂದು ಚೆಂಡು ಪೆಟ್ಟು ತಿಂದು ತನ್ನ ಜಾಗ ಬಿಟ್ಟು ಮೂಲೆಯ ಗುಳಿಯ ಬಾಯಿಗೆ ಬಂದು ನಿಂತಿತ್ತು. ಕೆಂಪು ಇನ್ನೊಂದು ಬದಿಯಲ್ಲಿತ್ತು, ಅದೂ ಸುಲಭದ್ದೇ.

ನಿಝಾಮುದ್ದೀನ್ ಮೇಜಿಗೆ ಒಂದು ಸುತ್ತು ಬಂದ. ಕಂದು ಚೆಂಡಿನ ನೇರಕ್ಕೆ ಬಾಗಿದ. ಬಾಗಿದಲ್ಲಿಂದಲೇ ಧರ್ಣಪ್ಪನ ಮುಖ ನೋಡಿದ.

ಧರ್ಣಪ್ಪ ತಲೆ ತಗ್ಗಿಸಲಿಲ್ಲ.

ಆಮೇಲೆ ಅವನು ಎಷ್ಟೋ ಸಲ ನೆನೆದುಕೊಂಡ: ಅದು ಮರೆವಲ್ಲ, ಗಾಬರಿಯೂ ಅಲ್ಲ. ತಗ್ಗಿಸಬೇಕೆಂದು ಗೊತ್ತಿತ್ತು. ಮದರಾಸು ಎಂಬ ಒಂದು ಶಬ್ದ ತಲೆಯೊಳಗೆ ಬಂತು, ಕತ್ತು ನೆಟ್ಟಗೇ ನಿಂತಿತು. ನಿಝಾಮುದ್ದೀನನ ಮುಖದಲ್ಲಿ ನೆಮ್ಮದಿ ಕಾಣಿಸಿತು. ಅವನು ಹೊಡೆದ. ಚೆಂಡು ನಾಜೂಕಾಗಿ ಗುಳಿಗೆ ಬಿತ್ತು.

“ಫೌಲ್,” ಎಂದ ರೆಫರಿ. “ಕಂದು. ಧರ್ಣಪ್ಪನಿಗೆ ನಾಲ್ಕು.”

ಕುರ್ಚಿಗಳಿಂದ ನಗು ಎದ್ದಿತು. ಧರ್ಣಪ್ಪ ಎದ್ದು ಹೋಗಿ ಕೆಂಪನ್ನು ಹಾಕಿದ, ಕಪ್ಪನ್ನು ಹಾಕಿದ, ಮತ್ತೆ ಹಳದಿ, ಹಸಿರು, ಕಂದು, ನೀಲಿ. ಕೈ ಒಮ್ಮೆಯೂ ನಡುಗಲಿಲ್ಲ. ಗುಲಾಬಿ ಚೆಂಡು ಒಳಗೆ ಬಿದ್ದಾಗ ಪಂದ್ಯ ಅವನದಾಗಿತ್ತು.

ಚಪ್ಪಾಳೆ ನಿಲ್ಲುವ ಮೊದಲೇ ಶಾಂತಿರಾಜ ಬಲ್ಲಾಳರು ಎದ್ದು ಬಂದರು. ಗುಳಿಯಿಂದ ಕಂದು ಚೆಂಡನ್ನು ತೆಗೆದು ಅಂಗೈಯಲ್ಲಿಟ್ಟು ನಿಝಾಮುದ್ದೀನನ ಎದುರು ಹಿಡಿದರು.

“ಇದು ಯಾವ ಬಣ್ಣ?”

ನಿಝಾಮುದ್ದೀನ್ ಬಾಗಿ ಚೆಂಡನ್ನು ನೋಡಿದ.

“ಕೇಳಿದ್ದು ನಿನ್ನನ್ನೇ. ಹೇಳು.”

“ಕೆಂಪು, ಧಣಿ.”

ಈ ಸಲ ಯಾರೂ ನಗಲಿಲ್ಲ. ಬಲ್ಲಾಳರು ಚೆಂಡನ್ನು ಮೇಜಿನ ಮೇಲಿಟ್ಟರು. “ನಾಳೆಯಿಂದ ಬರುವುದು ಬೇಡ,” ಎಂದರು. ಅವರು ದನಿ ಏರಿಸಲೂ ಇಲ್ಲ.

ಫೈನಲ್ ಮುಂದಿನ ಭಾನುವಾರ ಮೂಡಬಿದ್ರಿಯಲ್ಲಿತ್ತು. ಆ ವಾರ ಧರ್ಣಪ್ಪ ದಿನವೂ ಮನೆಗೆ ತಡವಾಗಿ ಬಂದ. ಜಲಜಾಕ್ಷಿ ಮತ್ತೆ ಮತ್ತೆ ಕೇಳಿದ ಮೇಲೆ ನಡೆದದ್ದನ್ನು ಹೇಳಿದ. ಅವಳು, “ನಿಝಾಮುದ್ದೀನರಿಗೆ ಹೇಳಿ ಬನ್ನಿ. ಆಟದ ಮೊದಲೇ ಹೇಳಿ,” ಎಂದಳು.

ಭಾನುವಾರ ಮೊದಲ ಬಸ್ಸಿಗೆ ಹೊರಟು, ಸಿದ್ಧಕಟ್ಟೆ ದಾಟಿ ಅವನು ಮೂಡಬಿದ್ರಿಗೆ ಬಂದ. ನಿಝಾಮುದ್ದೀನ್ ಮನೆಯ ಜಗಲಿಯಲ್ಲಿ ಕೂತಿದ್ದ. ಧರ್ಣಪ್ಪನನ್ನು ಕಂಡದ್ದೇ ಎದ್ದು ಕೈ ಹಿಡಿದು, “ಫೈನಲಿನ ದಿನವೂ ನನ್ನನ್ನು ನೋಡಲು ಬಂದೆಯಲ್ಲ!” ಎಂದ. ಒಳಗಿನಿಂದ ಅವನ ಹೆಂಡತಿ ನಬೀಸಾ ಚಹಾ ತಂದಳು.

“ನೀವಾದರೂ ಸ್ವಲ್ಪ ಧೈರ್ಯ ಹೇಳಿ ಧರ್ಣಪ್ಪಣ್ಣ,” ಎಂದಳು. “ಕೆಲಸ ಹೋದದ್ದಕ್ಕಲ್ಲ, ಇವರಿಗೆ ಕಣ್ಣಿನದ್ದೇ ಹೆದರಿಕೆ. ಒಂದು ವಾರದಿಂದ ಕ್ಯಾಲೆಂಡರ್ ಎದುರು ನಿಂತು, ಒಂದೊಂದು ಕಣ್ಣು ಮುಚ್ಚಿ ತಾರೀಕು ಓದ್ತಾರೆ. ರಾತ್ರಿ ನಿದ್ದೆ ಇಲ್ಲ.”

ನಿಝಾಮುದ್ದೀನ್ ನಗಲು ನೋಡಿದ. “ಬಣ್ಣ ಕಾಣದಿದ್ದರೆ ಹೇಗೋ ಬದುಕಬಹುದು ಮಾರಾಯ. ಆದರೆ ಅಂದು ನಿನ್ನನ್ನು ನೋಡಿದೆನಲ್ಲ, ನೀನು ತಲೆ ತಗ್ಗಿಸಿದ್ದೇ ನನಗೆ ಕಾಣಲಿಲ್ಲ. ಹತ್ತು ಅಡಿ ದೂರ ಇಲ್ಲ. ಅಷ್ಟೂ ಕಾಣದಿದ್ದರೆ ಇನ್ನು ಎಷ್ಟು ದಿನ ಉಂಟು? ಪೂರ್ತಿ ಹೋಗುವುದೇ ಅಲ್ಲವಾ?”

ಧರ್ಣಪ್ಪ ಚಹಾದ ಗ್ಲಾಸನ್ನು ಜಗಲಿಯ ಮೇಲಿಟ್ಟ.

“ನಾನು ತಗ್ಗಿಸಲಿಲ್ಲ,” ಎಂದ.

“ಏನು?”

“ತಲೆ. ತಗ್ಗಿಸಲಿಲ್ಲ. ಬೇಕೆಂದೇ.”

ನಿಝಾಮುದ್ದೀನನ ಮುಖ ಒಮ್ಮೆಲೇ ಅರಳಿತು. “ನಬೀಸಾ, ಕೇಳಿದೆಯಾ? ಇವನು ತಗ್ಗಿಸಲೇ ಇಲ್ಲವಂತೆ! ನನಗೆ ಸರಿಯಾಗಿಯೇ ಕಂಡದ್ದು. ನನ್ನ ಕಣ್ಣು...” ಅಲ್ಲಿಗೆ ಮಾತು ನಿಂತಿತು. ಸಂತೋಷ ಸ್ವಲ್ಪ ಹೊತ್ತು ಹಾಗೆಯೇ ಮುಖದ ಮೇಲಿತ್ತು, ಆಮೇಲೆ ಇಳಿಯಿತು. ಅವನು ಧರ್ಣಪ್ಪನ ಕೈಯನ್ನು ಇನ್ನೂ ಹಿಡಿದುಕೊಂಡೇ ಇದ್ದ, ಈಗ ಬಿಟ್ಟ.

ನಬೀಸಾ ಬಗ್ಗಿ, ಕುಡಿಯದೆ ಉಳಿದ ಚಹಾದ ಗ್ಲಾಸು ಎತ್ತಿಕೊಂಡು ಒಳಗೆ ಹೋದಳು.

“ಬಲ್ಲಾಳರ ಹತ್ತಿರ ಹೋಗ್ತೇನೆ,” ಎಂದ ಧರ್ಣಪ್ಪ. “ನಡೆದದ್ದೆಲ್ಲ ಹೇಳ್ತೇನೆ.”

“ಹೇಳಿ ಏನು? ನನಗೆ ಬಣ್ಣ ಕಾಣುವುದಿಲ್ಲ ಎನ್ನುವುದು ಸುಳ್ಳಾಗ್ತದಾ?” ನಿಝಾಮುದ್ದೀನ್ ಜಗಲಿಯ ಕಂಬಕ್ಕೆ ಒರಗಿದ. “ಹೊತ್ತಾಯ್ತು. ಹೋಗು,” ಎಂದ.

ಧರ್ಣಪ್ಪ ಹೋಗಿ ಆಡಿದ. ಎದುರಾಳಿ ಚಿಕ್ಕಮಗಳೂರಿನ ಲೋಕನಾಥ ಒಳ್ಳೆಯ ಆಟಗಾರ. ಆದರೆ ಆ ಮೇಜು ನಿಝಾಮುದ್ದೀನ್ ಹದಿನೈದು ವರ್ಷ ನೋಡಿಕೊಂಡ ಮೇಜು. ಬಟ್ಟೆಯಲ್ಲಿ ಒಂದು ಸುಕ್ಕಿಲ್ಲ, ಚೆಂಡು ಎಲ್ಲಿಗೆಂದರೆ ಅಲ್ಲಿಗೆ ಓಡುತ್ತಿತ್ತು. ಧರ್ಣಪ್ಪ ಒಂದೂ ಫ್ರೇಮ್ ಬಿಡದೆ ಗೆದ್ದ. ಕಪ್ ಕೊಡುವಾಗ ಬಲ್ಲಾಳರು ಅವನ ಏಕಾಗ್ರತೆಯನ್ನು ಹೊಗಳಿದರು. ಹೇಳಬೇಕೆಂದು ಅವನು ಬಾಯಿ ತೆರೆದ. ಆದರೆ ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದ, ಮಾತು ಅಲ್ಲಿಗೇ ಉಳಿಯಿತು.

ಮದರಾಸಿಗೂ ಹೋದ. ಇಂಗ್ಲಿಷ್ ಆಟಗಾರ ಅವನನ್ನು ಒಂದು ಗಂಟೆಯೊಳಗೆ ಸೋಲಿಸಿ ಕೈ ಕುಲುಕಿದ. ಮರಳಿ ಬಂದು ಧರ್ಣಪ್ಪ ಮತ್ತೆ ಬಂಟ್ವಾಳದ ಮೇಜಿಗೆ ಬ್ರಶ್ ಹಾಕತೊಡಗಿದ. ಮಾರ್ಕರ್‌ಗಳ ಚಾಂಪಿಯನ್‌ಶಿಪ್ ಮತ್ತೆ ನಡೆಯಲಿಲ್ಲ. ಮೂಡಬಿದ್ರಿಗೆ ಎರಡು ಸಲ ಹೋದ. ಎರಡು ಸಲವೂ ನಬೀಸಾ ಬಾಗಿಲಲ್ಲೇ ನಿಂತು, ಇವರು ಮನೆಯಲ್ಲಿಲ್ಲ ಎಂದಳು.

ಐದು ವರ್ಷ ಕಳೆದ ಮೇಲೆ ವಾಮದಪದವಿನಲ್ಲಿ ಬಸ್ಸು ಬದಲಿಸುವಾಗ, ರಸ್ತೆ ಬದಿಯ ಅಂಗಡಿಯಲ್ಲಿ ನಿಝಾಮುದ್ದೀನ್ ಕೂತಿರುವುದು ಕಂಡಿತು. ಅದು ಅವನ ಭಾವನ ಅಂಗಡಿ. ದಪ್ಪ ಗಾಜಿನ ಕನ್ನಡಕ ಹಾಕಿ ತಕ್ಕಡಿಯಲ್ಲಿ ಉಪ್ಪು ತೂಗುತ್ತಿದ್ದ. ಧರ್ಣಪ್ಪ ಎದುರು ಹೋಗಿ ನಿಂತ. ನಿಝಾಮುದ್ದೀನ್ ಪೊಟ್ಟಣ ಕಟ್ಟಿ ಮುಗಿಸಿ ತಲೆಯೆತ್ತಿದ. ಗುರುತು ಸಿಕ್ಕಿತೆಂದು ಸ್ಪಷ್ಟವಾಗಿ ಗೊತ್ತಾಯಿತು.

“ಕೂತುಕೊಳ್ಳಿ,” ಎಂದ. “ನಿಮ್ಮ ಬಸ್ಸಿಗೆ ಇನ್ನೂ ಕಾಲು ಗಂಟೆ ಉಂಟು.”

ಬೆಂಚನ್ನು ಬಟ್ಟೆಯಿಂದ ಒರೆಸಿಕೊಟ್ಟ. ಕುಡಿಯಲು ನೀರು ಕೊಟ್ಟ. ಧರ್ಣಪ್ಪ ಕಾಲು ಗಂಟೆ ಅಲ್ಲಿ ಕೂತಿದ್ದ. ಗಿರಾಕಿಗಳು ಬಂದರು, ಹೋದರು. ಬಸ್ಸು ಬಂದಾಗ ಎದ್ದು, “ಬರ್ತೇನೆ,” ಎಂದ. ನಿಝಾಮುದ್ದೀನ್, “ಹೋಗಿ ಬನ್ನಿ,” ಎಂದು ಹೇಳಿ ಮುಂದಿನವನಿಗೆ ಸಕ್ಕರೆ ತೂಗತೊಡಗಿದ.